ಬೇರೆ ವಿಮಾನದಲ್ಲಿ ಬಂದವರು

ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಅವರ ಮನೆಯಿಂದ ನಮ್ಮ ಬ್ಯಾಂಕಿಗೆ ಒಂದು ರಸ್ತೆ ದಾಟಿದರೆ ಆಯಿತು. ಆದರೂ ಅರಸೀಕೆರೆಯ ಆ ಶಾಖೆಯಲ್ಲಿ ನಾನು ಕೆಲಸ ಮಾಡಿದಷ್ಟು ಕಾಲವೂ ಅವರು ಒಂದು ದಿನವೂ ಎಲ್ಲರಿಗಿಂತ ಮೊದಲು ಬಂದದ್ದಿಲ್ಲ. ಬೆಳಿಗ್ಗೆ ಎದುರಿನ ಟೀ ಅಂಗಡಿಯಲ್ಲಿ ನಿಂತಿರುತ್ತಿದ್ದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕೈಯಲ್ಲಿ ಆರಿಹೋದ ಟೀ. ನಮ್ಮಲ್ಲಿ ಯಾರಾದರೂ ಒಬ್ಬರು ಬಂದು, ಬಾಗಿಲು ತೆಗೆದು, ಒಳಗೆ ಲೈಟು ಹಾಕಿದ ಮೇಲೆಯೇ ಅವರು ಲೋಟ ಇಟ್ಟು ರಸ್ತೆ ದಾಟುವುದು. ಒಳಗೆ ಬಂದವರೇ, “ಎಲ್ಲಾರೂ ಬಂದ್ರಾ?” ಎಂದು ಕೇಳುವುದು.

ಹೊಸದಾಗಿ ಬಂದ ಮ್ಯಾನೇಜರು ಒಮ್ಮೆ, “ಏನ್ರೀ, ಮನೆ ಇಲ್ಲೇ ಇದೆ. ಬೀಗದ ಕೈ ನಿಮ್ಮ ಹತ್ರಾನೇ ಇಟ್ಕೊಂಡು ದಿನಾ ನೀವೇ ಬಾಗ್ಲು ತೆಗೀಬಾರ್ದಾ?” ಎಂದರು.

“ಅದೊಂದು ಬ್ಯಾಡಿ ಸಾರ್. ಸಂಜೆ ಎಷ್ಟೊತ್ತಾದ್ರೂ ಕೂತಿರ್ತೀನಿ” ಎಂದು ಇವರು ಕೈ ಮುಗಿದುಬಿಟ್ಟರು. ಸೋಮಾರಿಯಾಗಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಸೋಮಾರಿತನ ಅವರ ಹತ್ತಿರಕ್ಕೂ ಸುಳಿದಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರೆಂದು ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದಾಗ ನಾನು ಹಾಸನದ ಶಾಖೆಯಲ್ಲಿದ್ದೆ. ಮರುದಿನವೇ ಅರಸೀಕೆರೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕ ನನ್ನ ಕೈ ಹಿಡಿದುಕೊಂಡು, “ಮಧ್ಯಾಹ್ನ ಉಂಡು ಮಲಗಿದ್ರು ಕಣೇ, ಏಳ್ಲೇ ಇಲ್ಲ. ನಾನು, ಮಕ್ಕಳು ಎಲ್ಲಾರೂ ಮನೇಲೇ ಇದ್ವಿ. ಅದೊಂದು ಸಮಾಧಾನ” ಎಂದರು. ಸುತ್ತ ಕೂತಿದ್ದ ಹೆಂಗಸರಿಗೆ ಅದು ಸಾವಿನ ಮನೆಯಲ್ಲಿ ಎಲ್ಲರೂ ಆಡುವ ಮಾತಿನಂತೆ ಕೇಳಿಸಿರಬೇಕು. ನನಗೆ ಮಾತ್ರ ಹಾಗೆ ಕೇಳಿಸಲಿಲ್ಲ.

ಕೊಬ್ಬರಿ ಹರಾಜಿನ ದಿನ ನಮ್ಮ ಬ್ಯಾಂಕು ಸಂತೆಯ ಹಾಗಿರುತ್ತಿತ್ತು. ಗಂಡಸಿ ಹೋಬಳಿಯ ಕಡೆಯ ತೋಟದವರಿಗೆಲ್ಲ ಇವರೇ ಬೇಕು. ಇವರು ಬೆಳೆದದ್ದೂ ಅದೇ ಕಡೆ, ಚಿಕ್ಕಪ್ಪನ ಮನೆಯಲ್ಲಿ. ಆಮೇಲೆ ಮಠದ ಹಾಸ್ಟೆಲಿನಲ್ಲಿ ಓದಿದವರು. “ಕುತ್ಕೊ ಯಜಮಾನ, ನೀರು ಕುಡಿ, ಆಮ್ಯಾಕೆ ಮಾತಾಡಣ” ಎಂದು ಶುರು ಮಾಡಿದರೆ ಎಂಥ ಸಿಟ್ಟಿನ ಮುದುಕನೂ ತಣ್ಣಗಾಗುತ್ತಿದ್ದ. ಅಂಥ ಒಂದು ದಿನ ಒಬ್ಬ ರೈತ ಕೆಲಸ ಮುಗಿಸಿಕೊಂಡು, ಹೆಂಡತಿ, ಎರಡು ಮಕ್ಕಳು, ಮುದಿ ತಾಯಿ ಎಲ್ಲರನ್ನೂ ಒಂದೇ ಬೈಕಿನ ಮೇಲೆ ಹತ್ತಿಸಿಕೊಂಡು ಹೊರಟ. ಇವರು ಕೌಂಟರಿನಲ್ಲಿ ಜನ ನಿಂತಿದ್ದಂತೆಯೇ ಎದ್ದು ಹೊರಗೆ ಓಡಿದರು.

“ಏ, ಅಜ್ಜೀನ ಬಸ್ಸಿಗೆ ಹತ್ತುಸ್ಲಾ! ಒಬ್ರಾದ್ರೂ ಬ್ಯಾರೆ ಬರ್ಲಿ ಕಣ್ಲಾ!”

ಆ ರೈತ ನಗುತ್ತಾ ಕೈ ಬೀಸಿ ಹೊರಟೇಹೋದ. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಇವರು ರಸ್ತೆಯ ನಡುವೆ ನಿಂತೇ ಇದ್ದರು. ಬಂದು ಕೂತ ಮೇಲೆ ಒಂದೇ ಚಲನ್ನಿಗೆ ಎರಡು ಸಲ ಸೀಲು ಹಾಕಿದರು.

ತಮ್ಮ ಮನೆಯವರ ಜೊತೆಗೆ ಮಾತ್ರ ಇನ್ನೂ ವಿಚಿತ್ರ. ಬ್ಯಾಂಕಿನವರೆಲ್ಲ ಒಮ್ಮೆ ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಹೋದೆವು. ಹೆಂಡತಿ ಮಕ್ಕಳನ್ನು ನಮ್ಮ ಜೊತೆ ವ್ಯಾನಿನಲ್ಲಿ ಕೂರಿಸಿ, ತಾವು ಹಿಂದಿನಿಂದ ಆಟೋದಲ್ಲಿ ಒಬ್ಬರೇ ಬಂದರು. ತುಮಕೂರಿನ ಮದುವೆಗೆ ಹೆಂಡತಿ ಮಕ್ಕಳು ರೈಲಿನಲ್ಲಿ, ಇವರು ಬಸ್ಸಿನಲ್ಲಿ. ಬೇಲೂರಿಗೆ ಹೋಗಬೇಕಾದರೆ ಅರಸೀಕೆರೆಯವರೆಲ್ಲ ಹಳೇಬೀಡಿನ ಮೇಲೆ ಹೋಗುತ್ತಾರೆ. ಇವರೊಬ್ಬರು ಹಾಸನ ಸುತ್ತಿಕೊಂಡು ಹೋಗುತ್ತಿದ್ದರು. ಗಂಡ ಹೆಂಡತಿಗೆ ಸರಿಯಿಲ್ಲ ಎಂದು ಬ್ಯಾಂಕಿನಲ್ಲಿ ಗುಸುಗುಸು ಇತ್ತು. ನಾನೂ ಹಾಗೇ ಅಂದುಕೊಂಡಿದ್ದೆ.

ಏಳೆಂಟು ವರ್ಷದ ಹಿಂದೆ, ಬ್ಯಾಂಕಿನವರಿಗೆ ಸಿಗುವ ಪ್ರವಾಸದ ಸೌಲಭ್ಯದಲ್ಲಿ ಎರಡೂ ಮನೆಯವರು ಸೇರಿ ಅಂಡಮಾನಿಗೆ ಹೋಗುವುದೆಂದಾಯಿತು. ನನ್ನ ಮಗ ಮನುವಿಗೆ ಆಗ ಆರು ವರ್ಷ. ಅವರ ಮಗ ಚಿನ್ನು ಅವನ ಓರಗೆಯವನು. ಮಗಳು ಸಿಂಧು ಆರನೇ ಕ್ಲಾಸು. ವಿಮಾನ ಅಂದರೆ ಮಕ್ಕಳಿಗೆ ತಿಂಗಳ ಮುಂಚಿನಿಂದ ನಿದ್ದೆಯಿಲ್ಲ. ಟಿಕೆಟ್ ತೆಗೆಯುವ ಹೊತ್ತಿಗೆ ಅವರು ನನ್ನ ಟೇಬಲ್ಲಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಏನಮ್ಮಾ, ನಮ್ಮನೆಯವ್ರು ಮಕ್ಕಳು ನಿಮ್ಮ ಜೊತೆ ನೇರ ವಿಮಾನದಾಗೆ ಬರ್ಲಿ. ನಾನು ಮದ್ರಾಸಿನ ಮ್ಯಾಲೆ ಬತ್ತೀನಿ. ನಿಮಗಿಂತ ಒಂಚೂರು ತಡವಾಗಿ ಬಂದ್ರೆ ಸಾಕು” ಎಂದರು.

“ಯಾಕೆ ಸಾರ್, ಒಟ್ಟಿಗೇ ಹೋದ್ರೆ ಮಕ್ಕಳಿಗೂ ಖುಷಿ ಅಲ್ವಾ?”

“ಹಂಗಲ್ಲಮ್ಮ” ಎಂದು ಕೌಂಟರಿನ ಕಡೆ ನಡೆದರು.

ಆದರೆ ಚಿನ್ನು ಕೇಳಲಿಲ್ಲ. ಅಪ್ಪನ ಪಕ್ಕವೇ ಕೂರಬೇಕು ಎಂದು ಊಟ ಬಿಟ್ಟು ಹಟ ಹಿಡಿದ. ಕೊನೆಗೆ ಅವರು ಸೋತು, ಮಗನ ಟಿಕೆಟ್ಟನ್ನು ತಮ್ಮ ಜೊತೆಗೇ ತೆಗೆದರು. ಆ ವಾರವೆಲ್ಲ ಅವರ ಮುಖ ಜ್ವರ ಬಂದವರ ಮುಖದಂತಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮಕ್ಕಳ ಗಲಾಟೆಯೇ ಗಲಾಟೆ. ಮನುವಿನ ಆಟದ ಪಿಸ್ತೂಲನ್ನು ತಪಾಸಣೆಯವರು ಕಿತ್ತಿಟ್ಟುಕೊಂಡರು. ಅಕ್ಕ ಸೂಟ್‌ಕೇಸಿನಲ್ಲಿ ಕಟ್ಟಿಕೊಂಡಿದ್ದ ಕೊಬ್ಬರಿ ಗಿಟುಕನ್ನು ಬೆಂಕಿ ಹೊತ್ತುವ ವಸ್ತು ಎಂದು ತೆಗೆಸಿದರು. “ಅರಸೀಕೆರೆಯೋರಿಗೆ ಕೊಬ್ಬರಿ ತಗೊಂಡೋಗ್ಬೇಡಿ ಅಂತಾರಲ್ಲೇ!” ಎಂದು ಅಕ್ಕ ನಕ್ಕಿದ್ದೇ ನಕ್ಕಿದ್ದು. ಅವರು ನಗಲಿಲ್ಲ. ಸಿಂಧುವಿನ ತಲೆಯ ಮೇಲೆ ಕೈಯಿಟ್ಟು, ಅಕ್ಕನ ಮುಖ ಒಮ್ಮೆ ನೋಡಿ, ಚಿನ್ನುವನ್ನು ಎತ್ತಿಕೊಂಡು ಬೇರೆ ಗೇಟಿನ ಕಡೆ ನಡೆದರು. ಹುಡುಗ ಅವರ ಹೆಗಲ ಮೇಲಿಂದ ಕಣ್ಣಿಗೆ ಮರೆಯಾಗುವವರೆಗೂ ನಮ್ಮನ್ನೇ ನೋಡುತ್ತಿದ್ದ.

ವಿಮಾನದಲ್ಲಿ ಸಿಂಧು ನನ್ನ ಪಕ್ಕ. ಕಿಟಕಿಯ ಸೀಟು ಅವಳದೇ ಆಗಿತ್ತು. ಮನು ಕೇಳುವ ಮೊದಲೇ ಬಿಟ್ಟುಕೊಟ್ಟಳು. “ನಂಗೆ ಕೆಳಗೆ ನೋಡೋದು ಬೇಡ ಆಂಟಿ” ಎಂದಳು. ಸಮುದ್ರ ಶುರುವಾಯಿತು. ಮನು ಗಾಜಿಗೆ ಮೂಗು ಒತ್ತಿಕೊಂಡು ಕೂಗುತ್ತಿದ್ದ. ಹಿಂದಿನ ಸಾಲಿನಲ್ಲಿ ಒಂದು ಕೂಸು ಕಿವಿನೋವಿಗೆ ಅಳುತ್ತಿತ್ತು. ಅದರ ತಾಯಿಗೆ ನಮ್ಮಲ್ಲಿದ್ದ ಹತ್ತಿ ಕೊಟ್ಟೆ. ನಾನು ಡಬ್ಬಿ ತೆಗೆದು ಕೋಡುಬಳೆ ಹಂಚುತ್ತಿದ್ದಾಗ ಸಿಂಧು ಮೆಲ್ಲಗೆ ಕೇಳಿದಳು.

“ಆಂಟಿ, ಯಾರು ಮೊದ್ಲು ತಲುಪ್ತಾರೆ? ನಾವಾ, ಅಪ್ಪನಾ?”

“ನಾವೇ ಪುಟ್ಟಿ!” ಎಂದೆ ಉತ್ಸಾಹದಿಂದ.

ಅವಳು ಬಾಯಿಗಿಟ್ಟಿದ್ದ ಕೋಡುಬಳೆಯನ್ನು ಹಾಗೇ ಕೈಗೆ ತೆಗೆದುಕೊಂಡಳು. “ಮೊದ್ಲು ತಲುಪಿದ್ರೆ ಆಮೇಲೆ ಏನ್ಮಾಡೋದು?” ಎಂದಳು. ಮಕ್ಕಳ ಪ್ರಶ್ನೆ ಎಂದು ನಗಬೇಕೆನಿಸಿತು. ಅವಳ ಮುಖ ನೋಡಿದ ಮೇಲೆ ನಗು ಬರಲಿಲ್ಲ.

ನಾವು ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ಬಿಸಿಲಿತ್ತು. ಕಾರಿನ ಡ್ರೈವರು ಹೊರಗೆ ಕಾಯುತ್ತಿದ್ದ. ಮದ್ರಾಸಿನ ವಿಮಾನ ಬರಲಿ, ಎಲ್ಲರೂ ಒಟ್ಟಿಗೆ ಹೋಟೆಲಿಗೆ ಹೋಗೋಣ ಎಂದು ಕಾದೆವು. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ನೋಡನೋಡುತ್ತಿದ್ದಂತೆ ಎದುರಿನ ಮರಗಳೇ ಕಾಣದಂತೆ ಮಳೆ ಹೊಯ್ಯತೊಡಗಿತು. ತಲೆಯ ಮೇಲೆಲ್ಲೋ ಒಂದು ವಿಮಾನದ ಸದ್ದು ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಆಮೇಲೆ ಬರಲಿಲ್ಲ. ಬೋರ್ಡಿನ ಮೇಲೆ ತಡ ಎಂದಿದ್ದ ಅವರ ವಿಮಾನದ ಸಾಲು ಸ್ವಲ್ಪ ಹೊತ್ತಿಗೆ ಅಳಿಸಿಯೇ ಹೋಯಿತು. ಒಳಗಿನವರನ್ನು ಕೇಳಿದರೆ ಇನ್ನೂ ಏನೂ ಗೊತ್ತಿಲ್ಲ ಎಂದರು. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಗಂಡ ಮನುವನ್ನು ಎತ್ತಿಕೊಂಡು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಸಿಂಧು ದೂರದಲ್ಲಿ ಲಗೇಜಿನ ಗಾಡಿಯ ಮೇಲೆ, ಗಾಜಿನ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ನೀರು ಕೊಟ್ಟರೂ ಬೇಡವೆಂದಳು.

ಆಗ ಅಕ್ಕ ಹೇಳತೊಡಗಿದರು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಹೇಳಿದರು.

ಅವರ ಗಂಡನಿಗೆ ಆಗ ಎಂಟೋ ಒಂಬತ್ತೋ ವರ್ಷ. ಊರು ಹಳೇಬೀಡಿನ ಹತ್ತಿರ. ದೊಡ್ಡಕ್ಕನ ನಿಶ್ಚಿತಾರ್ಥ ಬೇಲೂರಿನಲ್ಲಿ ಮುಗಿಸಿಕೊಂಡು ಮನೆಯವರೆಲ್ಲ ಬಾಡಿಗೆ ವ್ಯಾನಿನಲ್ಲಿ ಹೊರಟಿದ್ದರು. ಅಪ್ಪ, ಅವ್ವ, ಅಕ್ಕಂದಿರು, ಅಜ್ಜಿ. ಈ ಹುಡುಗ ಅವ್ವನ ತೊಡೆಯ ಮೇಲೇ ಕೂರುತ್ತೇನೆಂದು ಅತ್ತ. “ಜಾಗ ಇಲ್ಲ ಮಗ, ಚಿಕ್ಕಪ್ಪನ ಸ್ಕೂಟರ್‌ನಾಗೆ ಬಾ” ಎಂದು ಅವ್ವ ಬಾಗಿಲು ಎಳೆದುಕೊಂಡಳು. ವ್ಯಾನು ಮುಂದೆ ಹೋಯಿತು. ಚಿಕ್ಕಪ್ಪ ಎಲೆ ಅಡಿಕೆಗೆಂದು ಒಂದು ಅಂಗಡಿಯ ಹತ್ತಿರ ನಿಂತು, ಆಮೇಲೆ ಹೊರಟರು. ದಾರಿಯಲ್ಲಿ ರಸ್ತೆಗೆ ಅಂಟಿಕೊಂಡೇ ಒಂದು ಕೆರೆ. ಸಂಜೆಯ ಬಿಸಿಲಿಗೆ ನೀರು ತಟ್ಟೆಯ ಹಾಗೆ ನಿಂತಿತ್ತಂತೆ, ಒಂದು ಅಲೆಯೂ ಇಲ್ಲದೆ. ಹುಡುಗ ಮನೆ ತಲುಪಿದರೆ ಬಾಗಿಲಿಗೆ ಬೀಗ. ವ್ಯಾನನ್ನು ಹಿಂದೆ ಹಾಕಿಬಿಟ್ಟೆ, ಅಕ್ಕಂದಿರು ಬರಲಿ ಅಣಕಿಸುತ್ತೇನೆ ಎಂದು ಜಗಲಿಯ ಮೇಲೆ ಕೂತು ಕಾದ.

“ಆ ಕೆರೆ ದಾಟೋವಾಗ ವ್ಯಾನು ಸಮೇತ ಅವರೆಲ್ಲಾ ಅದರೊಳಗಿದ್ರು ಕಣೇ” ಎಂದರು ಅಕ್ಕ. “ಇವರು ಪಕ್ಕದಲ್ಲೇ ಹಾಡು ಹೇಳ್ಕೊಂಡು ಬಂದವ್ರೆ.”

ಅಷ್ಟರಲ್ಲಿ ಸಿಂಧು ಗಾಜಿನ ಬಾಗಿಲಿನಿಂದ ಕಣ್ಣು ತೆಗೆಯದೆ, “ಅಮ್ಮಾ, ನಾವು ಮೊದ್ಲು ಬಂದ್ಬಿಟ್ವಿ ಅಲ್ವಾ?” ಎಂದು ಗಟ್ಟಿಯಾಗಿ ಕೇಳಿದಳು. ನಮ್ಮ ಮಾತು ಅವಳಿದ್ದ ದೂರಕ್ಕೆ ಕೇಳಿಸುವಂತಿರಲಿಲ್ಲ. ಅಕ್ಕ ನನ್ನ ಮಣಿಕಟ್ಟು ಒತ್ತಿ ಹಿಡಿದರು. “ಮಕ್ಕಳಿಗೆ ಈ ವಿಷಯ ಯಾವತ್ತೂ ಹೇಳಿಲ್ಲ ಕಣೇ. ಹೇಳಕೂಡದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡವ್ರೆ.”

ಸಂಜೆಯ ಹೊತ್ತಿಗೆ ಸುದ್ದಿ ಬಂತು. ವಿಮಾನ ಇಳಿಯಲಾಗದೆ ಮದ್ರಾಸಿಗೆ ವಾಪಸ್ಸಾಗಿದೆ, ಎಲ್ಲರೂ ಕ್ಷೇಮ. ಮರುದಿನ ಬೆಳಿಗ್ಗೆ ಮಗನನ್ನು ಎತ್ತಿಕೊಂಡು ಅವರು ಆ ಗಾಜಿನ ಬಾಗಿಲಿನಿಂದ ಹೊರಗೆ ಬಂದಾಗ ಸಿಂಧು ಓಡಿಹೋಗಿ ಅಪ್ಪನ ಅಂಗಿ ಹಿಡಿದು ಮೂಸಿ ನೋಡಿದಳು. ನೀರಿನ ವಾಸನೆಯಿದೆಯೇ ಎಂದು ನೋಡುವವಳ ಹಾಗಿತ್ತು.

ಆ ಮಧ್ಯಾಹ್ನ ಮಕ್ಕಳು ಸಮುದ್ರದ ದಡದಲ್ಲಿ ಮರಳು ಗುಡ್ಡೆ ಹಾಕುತ್ತಿದ್ದರು. ಅವರು ನೀರಿಗೆ ಬೆನ್ನು ಮಾಡಿ ಕೂತಿದ್ದರು. ನಾನು ಎಳನೀರು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

“ಎಲ್ಲಾ ಹೇಳವ್ಳಂತೆ ನಿನಗೆ” ಎಂದರು. ಅದುವರೆಗೆ ಅವರು ನನ್ನನ್ನು ನೀನು ಎಂದಿರಲಿಲ್ಲ. “ಜನ ತಿಳ್ಕೊಂಡಿರಾದೇನು, ಇವ್ನಿಗೆ ಸಾವು ಅಂದ್ರೆ ಭಯ ಅಂತ. ನನಗೋಸ್ಕರ ಬಂದೋರು ನನ್ನ ಪಕ್ಕ ಕೂತಿರೋರ್ನೂ ಸೇರಿಸ್ಕೊಂಡು ಹೊಂಟೋದ್ರೆ ಅಂತ ಭಯ ಕಣಮ್ಮ ನನಗೆ. ಅದ್ಕೇ ಯಾರ ಜೊತೇಗೂ ಕೂರಾಕಿಲ್ಲ.”

“ಯಾರು ಸಾರ್ ಬರೋರು?”

ಅವರು ಎಳನೀರಿನ ಕೊಳವೆಯನ್ನು ತಿರುಗಿಸುತ್ತಿದ್ದರು. “ನಿನ್ನೆ ಮೋಡದಾಗೆ ವಿಮಾನ ಕುಕ್ಕರಿಸ್ತಿತ್ತು. ಚಿನ್ನು ಕಿವಿನೋವು ಅಂತ ಕಿರುಚ್ತಿದ್ದ. ಇದ್ದಕ್ಕಿದ್ದಂಗೆ ಸುಮ್ಕಾದ. ಕಿಟಕಿ ಕಡೀಕೇ ನೋಡ್ತವ್ನೆ. ಹೊರಗೆ ಬರೀ ಬಿಳುಪು, ಏನೂ ಇಲ್ಲ. ‘ಅಪ್ಪಾ, ಆ ಅಮ್ಮ ಯಾರಪ್ಪಾ? ಸೀರೆ ಎಲ್ಲಾ ಒದ್ದೆ ಆಗೋಗೈತೆ’ ಅಂದ.”

ಬಿಸಿಲು ಚುರುಗುಟ್ಟುತ್ತಿತ್ತು.

“‘ನಿನ್ನೇ ಕರೀತಾಳೆ. ಜಾಗ ಐತೆ, ಈಗ ಬಾ ಅಂತಾಳೆ’ ಅಂದ.”

“ನೀವೇನಂದ್ರಿ?”

“ಹೋಗ್ಬೇಕು ಅನ್ನಿಸ್ತು ಕಣಮ್ಮ” ಎಂದರು. “ಸುಳ್ಳು ಯಾಕೆ ಹೇಳ್ಲಿ? ಅಷ್ಟು ವರ್ಷದಿಂದ ಆ ಒಂದು ಮಾತಿಗೇ ಕಾಯ್ತಿದ್ದೆ. ಎದ್ದು ಹೊಂಟೋಗನ ಅನ್ನಿಸ್ತು. ಆಮ್ಯಾಕೆ ಈ ನನ್ ಮಗ ನನ್ನ ಬೆರಳು ಹಿಡ್ಕೊಂಡಿರಾದು ಕಾಣಿಸ್ತು. ‘ಅಪ್ಪ ಬರಾಕಿಲ್ಲ ಅನ್ನು. ಮಕ್ಕಳು ಅವ್ರೆ ಅನ್ನು’ ಅಂದೆ. ಇವ್ನು ಕಿಟಕಿಗೆ ಬಾಯಿಟ್ಟು ಹಂಗೇ ಹೇಳ್ದ. ಸ್ವಲ್ಪ ಹೊತ್ಗೆ ವಿಮಾನ ವಾಪಸ್ ತಿರುಗಿಸ್ತೀವಿ ಅಂತ ಮೈಕಿನಾಗೆ ಹೇಳಿದ್ರು.”

ಕಿವಿನೋವಿನ ಸಂಕಟದಲ್ಲಿ ಮಗು ಏನೋ ಬಡಬಡಿಸಿರಬಹುದು ಎಂದು ಹೇಳಲು ನಾನು ಬಾಯಿ ತೆರೆದೆ. ಮರಳಿನಲ್ಲಿ ಆಡುತ್ತಿದ್ದ ಚಿನ್ನು ಆ ಕ್ಷಣ ತಲೆಯೆತ್ತಿ ನಮ್ಮತ್ತ ನೋಡಿದ.

ಅಂಡಮಾನಿನಲ್ಲಿ ಉಳಿದ ದಿನಗಳೆಲ್ಲ ಅವರು ಮಕ್ಕಳ ಹಿಂದೆ ಹಿಂದೆಯೇ ಇದ್ದರು. ಗಾಜಿನ ತಳದ ದೋಣಿಯಲ್ಲಿ ಹವಳ ನೋಡಲು ಮಾತ್ರ ಬರಲಿಲ್ಲ. ಕೊನೆಯ ದಿನ ಅವರೇ ಏಜೆಂಟನನ್ನು ಹಿಡಿದು ತಮ್ಮ ಟಿಕೆಟ್ಟು ಬದಲಾಯಿಸಿಕೊಂಡು ಬಂದರು. “ನಾವೂ ನಿಮ್ ಜೊತೇನೇ ಬತ್ತೀವಿ, ನಾಕು ಜನಾನೂ” ಎಂದರು. ಅಕ್ಕ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಬರುವಾಗ ಮೂರು ಸೀಟಿನ ಸಾಲಿನಲ್ಲಿ ಅಕ್ಕ, ಸಿಂಧು, ಚಿನ್ನು. ನಡುದಾರಿಯ ಈಚೆ ನನ್ನ ಪಕ್ಕ ಅವರು. ವಿಮಾನ ಮೇಲೇಳುವಾಗ ದಾರಿಗೆ ಅಡ್ಡವಾಗಿ ಕೈ ಚಾಚಿ ಅಕ್ಕನ ಕೈ ಹಿಡಿದರು. ನೀರಿನ ಬಾಟಲಿ ತಂದ ಗಗನಸಖಿ ಒಂದು ಗಳಿಗೆ ನಿಂತು ನೋಡಿ ಹಿಂದಕ್ಕೆ ಹೋದಳು. ಸಮುದ್ರ ಮುಗಿಯುವವರೆಗೂ ಅವರು ರೆಪ್ಪೆ ಮುಚ್ಚಿದ್ದನ್ನು ನಾನು ಕಾಣಲಿಲ್ಲ. ಏನೂ ಆಗಲಿಲ್ಲ. ಚಕ್ರ ನೆಲಕ್ಕೆ ತಾಗಿದಾಗ ಮನು ಚಪ್ಪಾಳೆ ತಟ್ಟಿದ.

ಊರಿಗೆ ಬಂದ ಒಂದೆರಡು ವಾರಕ್ಕೆ, ಭಾನುವಾರ ಬೇಲೂರಿಗೆ ಹೋಗೋಣ ಬನ್ನಿ ಎಂದು ನಮ್ಮನ್ನು ಕರೆದರು. ಒಂದು ದೊಡ್ಡ ಬಾಡಿಗೆ ಕಾರು, ಎರಡೂ ಮನೆಯವರು ಅದರಲ್ಲೇ. ಅವರು ಮುಂದೆ ಡ್ರೈವರ್ ಪಕ್ಕ ಕೂತರು. “ಹಾಸನದ ಮೇಲಾ ಸಾರ್?” ಎಂದ ಡ್ರೈವರು. ಅವನು ಅವರನ್ನು ಬಲ್ಲವನು. “ಇಲ್ಲಪ್ಪ, ಹಳೇಬೀಡಿನ ಮ್ಯಾಲೆ ನಡಿ” ಎಂದರು. ಹಿಂದೆ ಅಕ್ಕನ ಬಳೆ ಸದ್ದಾಯಿತು.

ಹಳೇಬೀಡು ದಾಟಿದ ಮೇಲೆ ಅವರು ಹೇಳಿದ ಕಡೆ ಕಾರು ನಿಂತಿತು. ಸಾಧಾರಣ ಕೆರೆ. ಒಂದು ಕಡೆ ಜೊಂಡು, ಏರಿಯ ಮೇಲೆ ಎರಡು ಎಮ್ಮೆ. ರಸ್ತೆಗೆ ಈಗ ತಡೆಗೋಡೆ ಕಟ್ಟಿದ್ದಾರೆ. ಅವರು ಇಳಿದು ನೀರಿನ ಕಡೆ ನಾಲ್ಕು ಹೆಜ್ಜೆ ಹೋಗಿ ನಿಂತರು. ಚಪ್ಪಲಿ ಬಿಟ್ಟರು. ಸಿಂಧು ಹೋಗಿ ಪಕ್ಕದಲ್ಲಿ ನಿಂತಳು. ಗಾಳಿ ಇರಲಿಲ್ಲ. ನೀರು ಅಲುಗಾಡದೆ ಬಿದ್ದಿತ್ತು.

ಚಿನ್ನು ಎಲ್ಲರಿಗಿಂತ ಮುಂದೆ ಹೋಗಿ ನಿಂತ. ಕೆರೆಯ ನಡುಭಾಗವನ್ನೇ ನೋಡುತ್ತಾ ಕೈಯೆತ್ತಿ ಬೀಸಿದ, ಮಕ್ಕಳು ಬಸ್ಸಿನ ಕಿಟಕಿಗೆ ಟಾಟಾ ಮಾಡುವ ಹಾಗೆ. ಅಕ್ಕ ಓಡಿಹೋಗಿ ಅವನನ್ನು ಹಿಂದಕ್ಕೆ ಎಳೆದುಕೊಳ್ಳುವುದರಲ್ಲಿದ್ದರು. ಅವರು ಬೇಡವೆಂದು ತಲೆಯಾಡಿಸಿ ತಾವೂ ಕೈಯೆತ್ತಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಇಳಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, “ನಡೀರಿ, ಮಕ್ಕಳಿಗೆ ಹಸಿವಾಗಿರತ್ತೆ” ಎಂದರು. ಆ ಮುಖದಲ್ಲಿ ಅಂಥ ನಿರಾಳವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಾರು ಹತ್ತುವಾಗ ನೋಡಿದರೆ ನನ್ನ ಮಗ ಮನು ಇನ್ನೂ ತಡೆಗೋಡೆಯ ಹತ್ತಿರ ನಿಂತು ನೀರಿನ ಕಡೆ ಕೈ ಬೀಸುತ್ತಿದ್ದ. ಅವನನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡೆ. ಕಾರು ಹೊರಟಿತು. ಸಾಧ್ಯವಾದಷ್ಟು ಸಹಜವಾಗಿ, “ನೀನ್ಯಾಕೋ ಟಾಟಾ ಮಾಡ್ದೆ?” ಎಂದು ಕೇಳಿದೆ.

“ಆ ನೀರಲ್ಲಿದ್ದೋರೆಲ್ಲಾ ಮೊದ್ಲು ಮಾಡಿದ್ರಲ್ಲಮ್ಮಾ” ಎಂದ ಮನು.

ಮುಂದೆ ಕೂತಿದ್ದ ಅವರು ತಿರುಗಿ ನೋಡಲೂ ಇಲ್ಲ.

“ಒಳ್ಳೇದಾಯ್ತು ಬಿಡು ಮಗ, ನೀನೂ ಮಾಡ್ದಲ್ಲ” ಎಂದರು.